ಮೊಮ್ಮಗನ ರೊಟ್ಟಿ ತಿಂದ ಟಗರಿಗೆ

ಮಾನ್ಯರೇ, ಮಹಾಶಯರೇ, ಸುರುಳಿ ಕೊಂಬಿನವರೇ, ನಮ್ಮ ಮನೆಯ ಹಿಟ್ಟಿನಿಂದ ಬೆಳೆದ ಆ ಬಾಲದ ಏಕಮಾತ್ರ ಒಡೆಯರೇ,

ಮರ್ಗಿಲಾನ್ ಪಟ್ಟಣದ ಅಂಚಿನಲ್ಲಿರುವ ನಮ್ಮ ಓಣಿಯಿಂದ, ತಾವು ಇಲ್ಲಿದ್ದಷ್ಟು ಕಾಲವೂ ಬಿಡದೆ ತೊಗಟೆ ಸುಲಿದ ಹಿಪ್ಪುನೇರಳೆ ಮರದ ನೆರಳಿನಲ್ಲಿ ಕುಳಿತು, ರಿಸೋಲತ್ ಎಂಬ ಮುದುಕಿಯು ಎದೆಯ ಮೇಲೆ ಕೈಯಿಟ್ಟು ಮಾಡುವ ಸಾವಿರ ಸಲಾಮುಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮವನ್ನು ವಿಚಾರಿಸುವುದು ವಾಡಿಕೆಯೇ ಆದರೂ, ಬೆಟ್ಟದ ಮೇಲೆ ಮೊಣಕಾಲೆತ್ತರದ ಹಸಿ ಹುಲ್ಲು, ಸುತ್ತಲೂ ಒಂದು ಮಂದೆಯಷ್ಟು ಮದುವಣಗಿತ್ತಿಯರು ಇರುವಾಗ ತಮಗೆ ಅಕ್ಷೇಮವಾಗಲು ದಾರಿಯೇ ಕಾಣದ ಕಾರಣ ಆ ಪ್ರಶ್ನೆಯನ್ನು ಕೇಳುತ್ತಿಲ್ಲ. ಈ ಪತ್ರವನ್ನು ತಮ್ಮ ಈಗಿನ ಯಜಮಾನನೂ ನನ್ನ ಸೊಸೆಯ ಅಣ್ಣನೂ ಆದ ಕುರಿಗಾಹಿ ತುರ್ದಿಯು ತಮಗೆ ಓದಿ ಹೇಳತಕ್ಕದ್ದು. ಅವನು ಓದಿ ಮುಗಿಸುವ ತನಕ ಕಾಗದವನ್ನು ತಾವು ಬಾಯಿಗೆ ಹಾಕಿಕೊಳ್ಳಬಾರದಾಗಿ ಮೊದಲೇ ವಿನಂತಿ.

ಇದು ಬಹಿರಂಗ ಪತ್ರ. ಮನೆಯ ಮಾತು ಮನೆಯಲ್ಲೇ ಇರಲಿ ಎಂದು ನನಗೂ ಆಸೆಯಿತ್ತು. ಆದರೆ ಪಕ್ಕದ ಮನೆಯ ಸಲ್ತನತ್‌ಗೆ ವಿಷಯ ಗೊತ್ತಾಗಿದೆ, ಸಲ್ತನತ್‌ಗೆ ಗೊತ್ತಾದ ಮೇಲೆ ಓಣಿಯ ನಲ್ಲಿಗೂ ನಾಯಿಗೂ ಗೊತ್ತಾದ ಹಾಗೆಯೇ. ಬಾಯಿಂದ ಬಾಯಿಗೆ ಬೆಳೆದು, ತಾವು ತಿಂದದ್ದು ರೊಟ್ಟಿಯಲ್ಲ ನನ್ನ ಸೊಸೆಯ ಚಿನ್ನದ ಸರ ಎಂಬ ತನಕ ಸುದ್ದಿ ಮುಟ್ಟಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದು ಒಂದು ಪ್ರತಿಯನ್ನು ಚಹಾದಂಗಡಿಯ ಗೋಡೆಗೂ ಅಂಟಿಸುತ್ತಿದ್ದೇನೆ.

ಮಾನ್ಯರೇ, ಮನೆಯಿಂದ ದೂರ ಹೊರಡುವವರು ಹೊಸ್ತಿಲಲ್ಲಿ ನಿಂತು ಅಂದು ಸುಟ್ಟ ರೊಟ್ಟಿಯನ್ನು ಒಂದು ಬಾಯಿ ಕಚ್ಚಿ ಹೋಗುತ್ತಾರೆ, ಉಳಿದದ್ದನ್ನು ನಾವು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕುತ್ತೇವೆ, ಹೋದವರು ಎಷ್ಟು ಕಾಲಕ್ಕೆ ಬಂದರೂ ತಮ್ಮ ರೊಟ್ಟಿಯನ್ನು ತಾವೇ ಮುಗಿಸಬೇಕು ಎಂಬುದು ತಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ನಾಳೆ ಗೊತ್ತಿರಲಿಲ್ಲವೆಂದು ತಾವು ವಾದ ಹೂಡಬಹುದಾದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಉಳಿದ ಅನ್ನದ ಋಣ ಹೋದವರನ್ನು ಎಳೆದು ತರುತ್ತದೆ. ನನ್ನ ಗಂಡ ದೇವರ ಪಾದ ಸೇರಿ ಎಷ್ಟೋ ವರ್ಷವಾಯಿತು, ಅವರು ಹರೆಯದಲ್ಲಿ ಸೈನ್ಯಕ್ಕೆ ಹೋದಾಗ ಕಚ್ಚಿದ ರೊಟ್ಟಿಯನ್ನು ಅವರ ತಾಯಿ ಇದೇ ಮೊಳೆಗೆ ತೂಗುಹಾಕಿ ಕಾದಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಬಹಳ ಕಾಲವಾದ ಮೇಲೆ ಒಂದು ದಿನ ಅತ್ತೆ ನನ್ನನ್ನು ಒಳಮನೆಗೆ ಕರೆದು ಗೋಡೆ ತೋರಿಸಿ, "ಇನ್ನು ಈ ಮೊಳೆ ನಿಂದು ಕಣೇ. ಪೆಟ್ಟಿಗೆ ಬೀಗದ ಕೈ ಆಮೇಲೆ ಕೊಡ್ತೀನಿ, ಮೊದ್ಲು ಇದನ್ನ ನೋಡ್ಕೊ" ಅಂದಿದ್ದರು. ಬೀಗದ ಕೈಯನ್ನು ಅವರು ಬದುಕಿರುವ ತನಕ ಕೊಡಲಿಲ್ಲ. ಮೊಳೆಯನ್ನು ಮಾತ್ರ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದುಕೊಂಡು ಬಂದಿದ್ದೆ, ತಾವು ಈ ಮನೆಗೆ ದಯಮಾಡಿಸುವ ತನಕ.

ತಾವು ದಯಮಾಡಿಸಿದ್ದು ಮೊಮ್ಮಗ ಎಲ್ಯೋರ್ ಸೈನ್ಯಕ್ಕೆ ಹೊರಟ ವಾರದಲ್ಲೇ. ಅವನು ತೆರ್ಮೆಜ್ ಕಡೆಯ ಗಡಿಗೆ ಹೋದ ಮೇಲೆ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರೂ ತಟ್ಟೆ ನೋಡಿಕೊಂಡು ಕೂರುವ ಹಾಗಾಗಿತ್ತು. ಅದನ್ನು ಸಹಿಸಲಾರದೆ ನನ್ನ ಮಗ ತೋಹಿರ್ ಸಂತೆಗೆ ಹೋಗಿ, ಬೆಕ್ಕಿಗಿಂತ ಸ್ವಲ್ಪ ದೊಡ್ಡದಿದ್ದ ತಮ್ಮನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. "ಹುಡುಗ ಬರೋ ದಿನ ಇದನ್ನ ಕೊಯ್ದು ಓಣಿಗೆಲ್ಲ ಪಲಾವ್ ಹಾಕೋಣ, ಅಲ್ಲೀವರ್ಗೂ ಬೆಳೀಲಿ" ಎಂದು ಘೋಷಿಸಿದ. ಆ ಮಾತು ತಮ್ಮ ಕಿವಿಗೂ ಬಿದ್ದಿತ್ತೆಂದು ನನಗೆ ಈಗ ಬಲವಾದ ಗುಮಾನಿ. ಇಲ್ಲದಿದ್ದರೆ ಅಷ್ಟು ದೂರದ ಮುಂದಾಲೋಚನೆಯಿಂದ, ಅಷ್ಟು ಸರಿಯಾದ ವಸ್ತುವನ್ನೇ ಹುಡುಕಿ ತಿನ್ನಲು ಬೇರೆ ಯಾವ ಪ್ರಾಣಿಗೆ ಸಾಧ್ಯ?

ವಸಂತದ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ತಮಗೆ ನೆನಪಿರಬಹುದು. ಒಳಮನೆಯ ಗೋಡೆಗೆ ಸುಣ್ಣ ಬಳಿಯಬೇಕೆಂದರೆ ಮೊಳೆ ಖಾಲಿಯಾಗಬೇಕು. ಸೊಸೆ ಮುಹಯ್ಯೊ ಸಂತೆಗೆ ಹೋಗಿದ್ದಳು. ರೊಟ್ಟಿಯನ್ನು ನಾನೇ ಎರಡು ಕೈಯಲ್ಲಿ ಇಳಿಸಿ, ಬಟ್ಟೆಯ ಗಂಟು ಬಿಗಿಮಾಡಿ, ಅಂಗಳದಲ್ಲಿ ನಾವು ಊಟಕ್ಕೆ ಕೂರುವ ದೊಡ್ಡ ಮಂಚದ ನಟ್ಟನಡುವೆ ದಿಂಬಿನ ಮೇಲೆ ಇಟ್ಟು, ಸುಣ್ಣದ ಬಕೆಟ್ಟಿಗೆ ನೀರು ತರಲು ಹೋದೆ. ಬರುವಷ್ಟರಲ್ಲಿ ತಾವು ಹಗ್ಗದಿಂದ ನಾಜೂಕಾಗಿ ಕತ್ತು ಬಿಡಿಸಿಕೊಂಡು ಮಂಚವೇರಿ, ನನ್ನ ಗಂಡ ಕೂರುತ್ತಿದ್ದ ಜಾಗದಲ್ಲೇ ಕಾಲು ಮಡಚಿ ಕುಳಿತು ಊಟ ಪೂರೈಸಿದ್ದಿರಿ. ನಾನು ಹಲ್ಲು ಹಚ್ಚಿ ಬಿಚ್ಚುವ ಗಂಟನ್ನು ತಾವು ಬಿಚ್ಚಿದ ಕೌಶಲ, ಕಲ್ಲಿನಂತಾಗಿದ್ದ ರೊಟ್ಟಿಯನ್ನು ಒಂದು ಚೂರೂ ಉಳಿಸದೆ ಅಗಿದ ಶ್ರದ್ಧೆ, ಎಲ್ಲವೂ ಮೆಚ್ಚತಕ್ಕದ್ದೇ. ಎರಡು ಚೂರು ಕೆಳಗೆ ಬಿದ್ದಿದ್ದನ್ನು ಕೂಡ ನನ್ನ ಮುಖ ನೋಡುತ್ತಲೇ ನೆಕ್ಕಿಕೊಂಡಿರಿ. ಬಕೆಟ್ಟು ಕೈಜಾರಿ ಅಂಗಳವೆಲ್ಲ ನೀರಾಯಿತು. ಹುಡುಗ ಗಡಿಯಲ್ಲಿ, ಅವನನ್ನು ಕರೆತರಬೇಕಾದ ರೊಟ್ಟಿ ಟಗರಿನ ಹೊಟ್ಟೆಯಲ್ಲಿ! ಇದೆಲ್ಲ ಮೂಢನಂಬಿಕೆ ಎಂದು ದೂರದರ್ಶನದಲ್ಲಿ ಮಾತಾಡುವವರು ಹೇಳುತ್ತಾರೆ. ಅವರ ಮನೆಯ ಹುಡುಗ ಬಂದೂಕು ಹೊತ್ತು ಹೊರಟ ದಿನ ನನ್ನ ಮುಂದೆ ಬಂದು ಹೇಳಲಿ ನೋಡೋಣ.

ನಾನು ಓಡಿದ್ದು ಸಲ್ತನತ್ ಮನೆಗೆ. ಆಕೆ ನನ್ನ ವಾರಿಗೆಯವಳು, ಸಂಪ್ರದಾಯದ ವಿಷಯದಲ್ಲಿ ಓಣಿಗೆಲ್ಲ ಅವಳ ಮಾತೇ ಕೊನೆ. ಹಿಟ್ಟಿನ ಕೈಯನ್ನೂ ತೊಳೆಯದೆ ಅವಳು ತೀರ್ಪು ಕೊಟ್ಟಳು: "ಅಯ್ಯೋ, ಅಳ್ಬೇಡ ಸುಮ್ನಿರು. ರೊಟ್ಟಿ ಕಳೆದೋಯ್ತಾ? ಇಲ್ವಲ್ಲ. ಗೋಡೇಲಿದ್ದಿದ್ದು ಟಗರಿಗೆ ಹೋಯ್ತು, ಅಷ್ಟೆ. ಟಗರು ನಿಮ್ಮನೇಲಿ ಇರೋವರ್ಗೂ ಹುಡುಗನ ಋಣ ನಿಮ್ಮನೇಲೇ ಇರುತ್ತೆ. ಅವನು ಬಂದ್ಮೇಲೆ ಅದರ ಬಾಲದ ಕೊಬ್ಬಲ್ಲೇ ಪಲಾವ್ ಮಾಡ್ಹಾಕು, ಅವನ ರೊಟ್ಟಿ ಅವನಿಗೇ ಸೇರ್ಲಿ. ಆದ್ರೆ ಅಲ್ಲೀವರ್ಗೂ ಅದಕ್ಕೇನಾದ್ರೂ ಆಯ್ತೋ..." ಎಂದು ಅಷ್ಟಕ್ಕೇ ನಿಲ್ಲಿಸಿ ಹಿಟ್ಟು ನಾದತೊಡಗಿದಳು. ಈ ಒಂದು ವಾಕ್ಯವನ್ನು ಅವಳು ಪೂರ್ತಿ ಮಾಡದೇ ಹೋದುದರಿಂದ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

ಮೊದಲನೆಯದಾಗಿ ಮೊಳೆಯನ್ನು ಖಾಲಿ ಬಿಡುವಂತಿರಲಿಲ್ಲ. ಮುಹಯ್ಯೊ ದಿನಾ ಬೆಳಿಗ್ಗೆ ಒಳಮನೆಗೆ ಹೋಗಿ ಬಟ್ಟೆಯ ಮೇಲಿಂದಲೇ ರೊಟ್ಟಿಯನ್ನು ಮುಟ್ಟಿ ಬರುತ್ತಿದ್ದಳು. ಮಗನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಮುಟ್ಟುತ್ತಿದ್ದಳು. ಆದ್ದರಿಂದ ಆ ಮಧ್ಯಾಹ್ನವೇ ನಾನು ಇನ್ನೊಂದು ರೊಟ್ಟಿ ಸುಡಲು ಕೂತೆ. ಎಲ್ಯೋರ್ ಕಚ್ಚಿಹೋದದ್ದು ಮುಹಯ್ಯೊ ಸುಟ್ಟ ರೊಟ್ಟಿ. ಆಕೆಯ ರೊಟ್ಟಿಯ ಅಂಚು ದಪ್ಪ, ನಡುವೆ ಅಚ್ಚಿನಿಂದ ಒತ್ತುವ ಚುಕ್ಕಿಗಳು ಒಂದು ಪಕ್ಕಕ್ಕೆ ವಾಲಿರುತ್ತವೆ. ಅವಳು ಮದುವೆಯಾಗಿ ಬಂದ ದಿನದಿಂದ ನಾನು ಅದಕ್ಕೆ ತಕರಾರು ಎತ್ತಿದವಳು. "ಅಂಚು ತೆಳ್ಳಗಿರ್ಬೇಕು ಮುಹಯ್ಯೊ, ಗಾಡಿ ಚಕ್ರ ಮಾಡ್ತಿದ್ದೀಯಾ?" ಎಂದು ಹೇಳಿ ಹೇಳಿ ನಾಲಿಗೆ ಸವೆಸಿಕೊಂಡವಳು. ಅಂದು ತಂದೂರಿನ ಮುಂದೆ ಬೆವರು ಸುರಿಸುತ್ತ, ಅದೇ ಗಾಡಿ ಚಕ್ರವನ್ನು ಮಾಡಲು ಒದ್ದಾಡಿದೆ, ಬರಲೇ ಇಲ್ಲ. ಎಷ್ಟು ದಪ್ಪ ಮಾಡಲು ಹೋದರೂ ನನ್ನ ಬೆರಳು ತಾನಾಗಿಯೇ ಅಂಚನ್ನು ತೆಳ್ಳಗೆ ಒತ್ತಿಬಿಡುತ್ತಿತ್ತು. ಸೊಸೆಯ ತಪ್ಪನ್ನು ಮಾಡುವುದಕ್ಕೂ ಒಂದು ಕೈಗುಣ ಬೇಕೆಂಬುದು ತಮ್ಮ ಕೃಪೆಯಿಂದಲೇ ನನಗೆ ತಿಳಿದದ್ದು. ಕೊನೆಗೆ ಒಂದು ಸುಮಾರಾಗಿ ಬಂತು. ಅದನ್ನು ಆರುತ್ತಿದ್ದ ತಂದೂರಿನೊಳಗಿಟ್ಟು ಒಣಗಿಸಿ, ಹಳೆಯದಾಗಿ ಕಾಣಲೆಂದು ಕಪಾಟಿನ ತಲೆಯ ಮೇಲಿನ ಧೂಳನ್ನು ಉಜ್ಜಿ ತಯಾರು ಮಾಡಿದೆ.

ಉಳಿದದ್ದು ಕಚ್ಚುವ ಕೆಲಸ. ನನ್ನ ಮುಂದಿನ ಚಿನ್ನದ ಹಲ್ಲು ಅದರ ಹಿಂದಿನ ಚಳಿಗಾಲದಲ್ಲೇ ಬಿದ್ದುಹೋಗಿತ್ತು. ಅದಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ಹೊರಡುವವರು ಕಚ್ಚುವ ರೊಟ್ಟಿಯನ್ನು ಹೊರಡದವಳು ಕಚ್ಚಿದರೆ ಹೊರಡಬೇಕಾಗಿ ಬರುವುದು ಅವಳೇ ಅಲ್ಲವೇ? ನನ್ನ ವಯಸ್ಸಿನವರು ಮನೆ ಬಿಟ್ಟು ಹೊರಡುವುದು ಎಲ್ಲಿಗೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತು ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಆಮೇಲೆ, ಯಾರಾದರೂ ಒಬ್ಬರು ವಾಪಸು ಬರಬಾರದು ಎಂದಿದ್ದರೆ ಅದು ನಾನೇ ಆಗಲಿ, ಹುಡುಗ ಬರಲಿ ಎಂದು ಗಟ್ಟಿಯಾಗಿ ಹೇಳಿಕೊಂಡು ಬಿಸ್ಮಿಲ್ಲಾ ಎಂದು ಕಚ್ಚಿದೆ. ಇದನ್ನು ದೊಡ್ಡ ತ್ಯಾಗವೆಂದು ನಾನು ಹೇಳುತ್ತಿಲ್ಲ. ಅಂದು ನನಗೆ ಭಯವಾಗಿತ್ತು, ಬೇರೇನೂ ತೋಚಲಿಲ್ಲ.

ಎರಡನೆಯದಾಗಿ ತಮ್ಮ ಆರೋಗ್ಯ. ಅಂದಿನಿಂದ ತಾವು ಈ ಮನೆಯ ಟಗರಾಗಿ ಉಳಿಯಲಿಲ್ಲ, ಮೊಮ್ಮಗನ ಋಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಖಜಾನೆಯಾದಿರಿ. ತಮಗೆ ಗಾಳಿ ತಾಗಬಾರದು, ಬಿಸಿಲು ಬಡಿಯಬಾರದು, ನಾಯಿ ಬೊಗಳಿ ಬೆಚ್ಚಬಾರದು. ಬೆಳಿಗ್ಗೆ ಯಾರೂ ಏಳುವ ಮೊದಲು ಬೆಚ್ಚನೆಯ ಬೂಸಾದ ಬೋಗುಣಿಯನ್ನು ಸೆರಗಿನಡಿ ಮುಚ್ಚಿಕೊಂಡು ಬಂದು ತಮ್ಮ ಮುಂದೆ ಇಡುತ್ತಿದ್ದೆ. ನನ್ನ ಪಾಲಿನ ಕರಬೂಜದ ತಿರುಳನ್ನು ತಮಗೆ ಕೊಟ್ಟು ಸಿಪ್ಪೆಯನ್ನು ನಾನು ತಿಂದಿದ್ದೇನೆ. ತಾವು ಮಾತ್ರ ನನ್ನ ಬೂಸಾವನ್ನು ಈಗಷ್ಟೇ ಊಟ ಮಾಡಿದ ನೆಂಟರ ಹಾಗೆ ಮೂಸಿ ಮೂಸಿ ತಿನ್ನುತ್ತಿದ್ದಿರಿ. ಆದರೂ ತಮ್ಮ ಬಾಲ ದಿನೇ ದಿನೇ ಕೊಬ್ಬು ತುಂಬಿ ಊದಿ, ಹಿಂದಿನಿಂದ ನೋಡಿದರೆ ತಾವು ಯಾರದೋ ಮದುವೆಯ ಹಾಸಿಗೆ ಹೊತ್ತು ಹೋಗುತ್ತಿರುವಂತೆ ಕಾಣತೊಡಗಿತು. ಇಷ್ಟು ಕಡಿಮೆ ತಿಂದು ಇಷ್ಟು ಬೆಳೆಯುತ್ತಿದೆಯಲ್ಲ, ಇದು ರೊಟ್ಟಿಯ ಮಹಿಮೆಯೇ ಇರಬೇಕೆಂದು ನಾನು ಒಳಗೊಳಗೇ ಕೈಯೆತ್ತಿ ಪ್ರಾರ್ಥಿಸಿದ್ದೂ ಉಂಟು.

ಬಕ್ರೀದ್ ಹತ್ತಿರವಾದಾಗ ತಮ್ಮ ಬಾಲದ ಕೀರ್ತಿ ಕೇಳಿ ಕೋಕಂದಿನಿಂದ ಒಬ್ಬ ವ್ಯಾಪಾರಿ ಬಂದ. ಅವನು ಹೇಳಿದ ಬೆಲೆಗೆ ತೋಹಿರನ ಕಣ್ಣು ಅರಳಿತು. "ಅಮ್ಮ, ಕೊಟ್ಬಿಡೋಣ, ಈ ದುಡ್ಡಿಗೆ ಇಂಥವು ಎರಡು ಬರ್ತವೆ. ಹುಡುಗ ಬರೋಷ್ಟರಲ್ಲಿ ಬೇರೆ ಸಾಕಿದ್ರಾಯ್ತು" ಅಂದ. ನಾನು ತಡಮಾಡದೆ, "ಅದರ ಹಿಂಗಾಲು ಕುಂಟು, ನೋಡಿದ್ಯಾ? ಗೊತ್ತಿದ್ದೂ ಗೊತ್ತಿದ್ದೂ ಹಬ್ಬದ ಬಲಿಗೆ ಕುಂಟನ್ನ ಮಾರಿದ್ರೆ ಪಾಪ ಸುತ್ಕೊಳುತ್ತೆ" ಎಂದು ಸಾಧಿಸಿದೆ. ತಾವು ಆ ಗಳಿಗೆಯಲ್ಲೇ ನಾಲ್ಕೂ ಕಾಲಿನಲ್ಲಿ ನೆಗೆದು ವ್ಯಾಪಾರಿಯ ಬೆನ್ನಿಗೆ ಗುದ್ದಿ ನನ್ನ ಮಾತನ್ನು ಮಣ್ಣುಪಾಲು ಮಾಡಿದಿರಿ. ಆಗ ಮುಹಯ್ಯೊ ಕೈಯಲ್ಲಿದ್ದ ಪೊರಕೆಯೊಂದಿಗೇ ಓಡಿಬಂದು, "ಕುಂಟು ಮಾತ್ರ ಅಲ್ಲಣ್ಣ, ರಾತ್ರಿಯೆಲ್ಲ ಕೆಮ್ಮುತ್ತೆ. ಒಂದು ಕಣ್ಣೂ ಕಾಣಲ್ಲ" ಅಂದಳು. ವ್ಯಾಪಾರಿ ನಮ್ಮಿಬ್ಬರನ್ನೂ ನೋಡಿ, ಬೆನ್ನು ಉಜ್ಜಿಕೊಳ್ಳುತ್ತ, "ಇಷ್ಟೊಂದು ಕಾಯಿಲೆ ಇರೋದು ಇಷ್ಟು ದಪ್ಪ ಹ್ಯಾಗಾಯ್ತಮ್ಮ?" ಎಂದು ಹೊರಟುಹೋದ. ಅತ್ತೆ ಹೇಳಿದ ಸುಳ್ಳಿಗೆ ಸೊಸೆ ಸುಳ್ಳು ಸೇರಿಸಿದ್ದು ಈ ಮನೆಯಲ್ಲಿ ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ನಂತರ ಜರ್ದಾಳು ಹಣ್ಣಾಗುವ ಕಾಲ ಬಂತು. ಎಲ್ಯೋರ್ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಆ ಭಾನುವಾರ ಫೋನ್ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಮುಹಯ್ಯೊ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಿಟ್ಟು ನಾದಿದಳು, ಬಟ್ಟೆ ಒಗೆದಳು. ಮಾರನೆಯ ದಿನ ಮಧ್ಯಾಹ್ನ ತಾವು ಮರದಡಿ ಬಿದ್ದ ಜರ್ದಾಳನ್ನೆಲ್ಲ ಬೀಜಸಮೇತ ಗುಡಿಸಿ ತಿಂದು, ಹೊಟ್ಟೆ ನಗಾರಿಯಂತೆ ಉಬ್ಬಿಸಿಕೊಂಡು, ಕಾಲು ಚಾಚಿ ದೊಡ್ಡಿಯಲ್ಲಿ ಮಲಗಿಬಿಟ್ಟಿರಿ. ನಾನು ಜೀರಿಗೆ ಕಷಾಯದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೊಡ್ಡಿಗೆ ಓಡಿದರೆ, ಅಲ್ಲಿ ಆಗಲೇ ಮುಹಯ್ಯೊ ಕೂತಿದ್ದಳು. ಅವಳ ಸೆರಗಿನಡಿಯಲ್ಲೂ ಒಂದು ಬಟ್ಟಲು. ಇಬ್ಬರೂ ಒಬ್ಬರ ಬಟ್ಟಲನ್ನು ಒಬ್ಬರು ನೋಡಿ, "ಸುಮ್ನೆ ಈ ಕಡೆ ಬಂದೆ", "ನಾನೂ ಸುಮ್ನೆ ಬಂದೆ" ಎಂದುಕೊಂಡೆವು. ನಾನು ತಮ್ಮ ತಲೆ ಹಿಡಿದೆ, ಅವಳು ಕಷಾಯ ಹೊಯ್ದಳು. ಒಂದು ಪಕ್ಕದ ಹೊಟ್ಟೆ ನಾನು ತಿಕ್ಕಿದೆ, ಇನ್ನೊಂದು ಪಕ್ಕದ್ದು ಅವಳು ತಿಕ್ಕಿದಳು. ಅವಳ ಕಣ್ಣೀರು ತಮ್ಮ ಉಣ್ಣೆಯ ಮೇಲೆ ಬೀಳುತ್ತಿದ್ದುದನ್ನು ಕಂಡು, ಒಂದು ಟಗರಿಗಾಗಿ ಹೀಗೆ ಅಳುತ್ತಾಳಲ್ಲ, ಎಷ್ಟು ಮೆದು ಮನಸ್ಸು ಎಂದು ನಾನು ಬೆರಗಾದೆ. ನಾನು ಅಳುತ್ತಿದ್ದುದನ್ನು ಅವಳು ಏನೆಂದುಕೊಂಡಳೋ. ಹೊತ್ತು ಇಳಿಯುತ್ತಿದ್ದಂತೆ ತಾವು ಕತ್ತೆತ್ತಿ, ಓಣಿಯ ಕೊನೆಯ ಮನೆಗೂ ಕೇಳುವಂತೆ ಒಂದು ತೇಗು ಬಿಟ್ಟಿರಿ. ಅಂಥ ಸುಸ್ವರವಾದ ಸದ್ದನ್ನು ನನ್ನ ಜನ್ಮದಲ್ಲಿ ನಾನು ಕೇಳಿರಲಿಲ್ಲ. ಅದರ ಹಿಂದೆಯೇ ಮುಹಯ್ಯೊಳ ಸೊಂಟದಲ್ಲಿ ಫೋನ್ ಬಡಿದುಕೊಂಡಿತು. "ಅಮ್ಮ, ಟವರ್ ಕೆಟ್ಟೋಗಿತ್ತು, ಎಲ್ರೂ ಚೆನ್ನಾಗಿದ್ದೀರಾ?" ಎಂದು ಹುಡುಗ ಕೇಳುತ್ತಿದ್ದರೆ, ನಾವಿಬ್ಬರೂ ತಮ್ಮ ಕತ್ತನ್ನು ತಬ್ಬಿಕೊಂಡು ಕೂತಿದ್ದೆವು. ತಾವು ಮುಹಯ್ಯೊಳ ತಲೆವಸ್ತ್ರದ ಅಂಚನ್ನು ಅಗಿಯತೊಡಗಿದ್ದಿರಿ.

ಎಲೆ ಉದುರುವ ಕಾಲಕ್ಕೆ ಎಲ್ಯೋರ್ ಬಂದ. ದಪ್ಪಗಾಗಿರಲಿಲ್ಲ, ಎತ್ತರವಾಗಿದ್ದ, ಧ್ವನಿ ಅವನ ತಾತನದಾಗಿತ್ತು. ನಾನು ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಬಿಡಲಿಲ್ಲವೋ ನನಗೇ ತಿಳಿಯದು. ಮುಹಯ್ಯೊ ಒಳಗೆ ಹೋಗಿ ಮೊಳೆಯಿಂದ ರೊಟ್ಟಿ ಇಳಿಸಿ ತಂದಳು. ಬಟ್ಟೆ ಬಿಚ್ಚಿದಾಗ ನಾನು ಕದ್ದು ನೋಡಿದೆ. ಅಂಚು ದಪ್ಪಗೆ, ಚುಕ್ಕಿಗಳು ವಾಲಿಕೊಂಡು, ಥೇಟು ಅವಳದೇ ರೊಟ್ಟಿಯಂತಿತ್ತು. ನಾನು ಅಷ್ಟು ಚೆನ್ನಾಗಿ ನಕಲು ಮಾಡಿದ್ದೆನೇ ಎಂದು ಹೆಮ್ಮೆಯೇ ಆಯಿತು. ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಮ್ಮ, ನಾನು ಇಷ್ಟು ಚಿಕ್ಕದಾಗಿ ಕಚ್ಚಿದ್ನಾ? ಬಸ್ಸು ಹೊರಡ್ತಿತ್ತು ಅಂತ ಕಾಲು ರೊಟ್ಟೀನೇ ಬಾಯಿಗೆ ತುರುಕ್ಕೊಂಡಿದ್ದೆನಲ್ಲ!"

"ಒಣಗ್ತಾ ಒಣಗ್ತಾ ಅದು ಕೂಡ್ಕೊಳುತ್ತೆ ಕಣೋ, ಗಾಯ ಕೂಡ್ಕೊಂಡ ಹಾಗೆ" ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ.

"ಅತ್ತೆ, ಸಾಕು ಸುಮ್ನಿರಿ" ಎಂದು ಮುಹಯ್ಯೊ ತಡೆದಳು. "ಅದು ನಿನ್ನ ಹಲ್ಲಲ್ಲ ಕಣಪ್ಪ, ನನ್ನ ಹಲ್ಲು."

"ನಿನ್ನ ಹಲ್ಲು ಯಾಕಾಗುತ್ತೇ? ಅದು ನನ್ನ ಹಲ್ಲು!" ಎಂದು ನಾನು ಸಿಡಿದುಬಿದ್ದೆ. ಬಾಯಿಂದ ಮಾತು ಜಾರಿಹೋದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ?

ತೋಹಿರ್ ಚಹಾದ ಬಟ್ಟಲು ಕೆಳಗಿಟ್ಟು, "ಇದೇನಿದು, ಹುಡುಗ ಕಚ್ಚಿದ ರೊಟ್ಟಿಗೆ ಅತ್ತೆ ಸೊಸೆ ಜಗಳಾನಾ?" ಎಂದು ನಮ್ಮ ಮುಖ ನೋಡಿದ. ಆಗ ಎಲ್ಲ ಹೊರಬಿತ್ತು. ಸುಣ್ಣ ಬಳಿದ ದಿನ ಮುಹಯ್ಯೊ ಸಂತೆಯಿಂದ ಬಂದಾಗ ರೊಟ್ಟಿಯ ಬಟ್ಟೆಯ ಚೂರು ತಮ್ಮ ಗದ್ದಕ್ಕೆ ಅಂಟಿಕೊಂಡಿತ್ತಂತೆ. ಒಳಗೆ ಹೋಗಿ ನೋಡಿದರೆ ಮೊಳೆಯ ಮೇಲೆ ತೆಳ್ಳನೆಯ ಅಂಚಿನ ರೊಟ್ಟಿ, ಅದರ ಕಚ್ಚಿದ ಜಾಗದಲ್ಲಿ ನಡುವೆ ಒಂದು ಹಲ್ಲು ಇಲ್ಲದ ಗುರುತು. "ನಿಮ್ಮ ಕೈ ರೊಟ್ಟಿ ನಂಗೆ ಗೊತ್ತಾಗಲ್ವಾ ಅತ್ತೆ? ನೀವು ಯಾಕೆ ಕಚ್ಚಿದ್ರಿ ಅನ್ನೋದೂ ಗೊತ್ತಾಯ್ತು" ಎಂದಳು. "ಅವನು ಬರ್ಲಿ ಅಂತ ನೀವು ಹೊರಡೋದು ನಂಗೆ ಬೇಡವಾಗಿತ್ತು. ಅದಕ್ಕೆ ನಿಮ್ಮದನ್ನ ಇಳಿಸಿ, ನಾನೊಂದು ಕಚ್ಚಿ ಹಾಕ್ದೆ."

"ಹುಚ್ಚಿ! ನೀನೇ ಹೊರಡೋ ಹಾಗಾಗಿದ್ರೆ?" ಎಂದು ನಾನು ಗದರಿದೆ.

"ನಾನೆಲ್ಲಿ ಹೊರಡ್ಲಿ ಅತ್ತೆ? ಹಿಟ್ಟು ನಾದಿಟ್ಟಿದ್ದೆ" ಅಂದಳು ಅವಳು.

ಮಾನ್ಯರೇ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ತಂದೂರಿನಲ್ಲಿ ಕೈ ಸುಟ್ಟುಕೊಂಡ ಆ ಹುಡುಗಿಯನ್ನು ನಾನು ಅಂದು ಮೊದಲ ಸಲ ಎಲ್ಲರೆದುರು ಎದೆಗೆ ಒತ್ತಿಕೊಂಡೆ. ರೊಟ್ಟಿಯ ಅಂಚಿನ ಬಗ್ಗೆ ಆಡಿದ ಮಾತನ್ನೆಲ್ಲ ಹಿಂತೆಗೆದುಕೊಳ್ಳಬೇಕೆನಿಸಿತು. ಅವಳ ಮುಂದೆ ಹಿಂತೆಗೆದುಕೊಳ್ಳಲಿಲ್ಲ, ಅದು ಬೇರೆ ವಿಷಯ. ಎಲ್ಯೋರ್ ಮಾತ್ರ, "ಯಾರ ಹಲ್ಲಾದ್ರೇನು, ನಂಗೆ ಹಸಿವು" ಎಂದು ತಾಯಿ ಕಚ್ಚಿಟ್ಟ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ಮುಗಿಸಿದ.

"ಹಾಗಾದ್ರೆ ನನ್ನ ರೊಟ್ಟಿ ಏನ್ ಮಾಡ್ದೆ?" ಎಂದು ಆಮೇಲೆ ಕೇಳಿದೆ. ಮುಹಯ್ಯೊ ತಮ್ಮ ಕಡೆ ಕೈ ತೋರಿಸಿದಳು. "ರೊಟ್ಟೀನ ಎಸೆಯೋಕಾಗುತ್ತಾ? ಅವನದು ಎಲ್ಲಿಗೆ ಹೋಯ್ತೋ ಅಲ್ಲಿಗೇ ಕಳಿಸ್ದೆ. ಅಜ್ಜಿ ಮೊಮ್ಮಗ ಒಟ್ಟಿಗಿರ್ಲಿ ಅಂತ." ನನ್ನ ಬೂಸಾವನ್ನು ತಾವು ಮೂ‌ಸಿ ಮೂಸಿ ತಿಂದದ್ದೇಕೆಂದೂ ಆಗಲೇ ತಿಳಿಯಿತು. ನನಗಿಂತ ಮುಂಚೆ ಎದ್ದು, ನನಗೆ ಗೊತ್ತಾಗದಂತೆ, ಅವಳೂ ದಿನಾ ತಮಗೆ ಒಂದು ಬೋಗುಣಿ ತಿನ್ನಿಸುತ್ತಿದ್ದಳಂತೆ! ಎರಡು ಕಡೆ ಉಂಡೂ ಒಬ್ಬರಿಗೊಬ್ಬರ ಗುಟ್ಟು ಬಿಟ್ಟುಕೊಡದ ತಮ್ಮ ಸಂಯಮವನ್ನು ನಮ್ಮ ಓಣಿಯಲ್ಲಿ ಕೆಲವರಾದರೂ ಕಲಿಯಬೇಕು. ತನ್ನ ತೀರ್ಪನ್ನು ಅಂದೇ ಮುಹಯ್ಯೊಳ ಕಿವಿಗೂ ಹಾಕಿದ್ದ ಸಲ್ತನತ್ ಚಹಾದಂಗಡಿಯ ಗೋಡೆಯ ಮುಂದೆ ನಿಂತು ಇದನ್ನು ಓದಿಸಿಕೊಳ್ಳುತ್ತಿದ್ದರೆ, ಅವಳಿಗೂ ನನ್ನ ಸಲಾಮು.

ಸಂಜೆ ತೋಹಿರ್ ಚಾಕು ಮಸೆದು ತಮ್ಮನ್ನು ಅಂಗಳಕ್ಕೆ ಎಳೆತಂದ. ಅಕ್ಕಿ ನೆನೆದಿತ್ತು, ಗಜ್ಜರಿ ಹೆಚ್ಚಿಯಾಗಿತ್ತು, ಕಡಾಯಿಯ ಕೆಳಗೆ ಬೆಂಕಿ ಎದ್ದಿತ್ತು. "ಬೇಡ!" ಎಂದು ನಾನು ಮತ್ತು ಮುಹಯ್ಯೊ ಒಂದೇ ಉಸಿರಿಗೆ ಕೂಗಿದೆವು. "ಹುಡುಗ ಮನೆಗೆ ಬಂದ, ಅವನ ಋಣ ಅಂತೂ ತೀರ್ತು. ಆದ್ರೆ ಅದರ ಹೊಟ್ಟೇಲಿ ಅತ್ತೆ ತುತ್ತಿದೆ. ಚಾಕು ಒಳಗಿಡಿ" ಎಂದು ಮುಹಯ್ಯೊ ಅಡ್ಡ ನಿಂತಳು. "ಹಾಗಾದ್ರೆ ಪಲಾವಿಗೆ ಏನು, ನನ್ನ ತೊಡೆ ಕೊಯ್ಲಾ?" ಎಂದು ತೋಹಿರ್ ಗೊಣಗುತ್ತ ಸಂತೆಗೆ ಓಡಿ, ಯಾರ ರೊಟ್ಟಿಯನ್ನೂ ತಿಂದಿರದ ಒಂದು ಬಡಪಾಯಿ ಕುರಿಯನ್ನು ತಂದ. ತಾವು ಆ ಪಲಾವಿನ ಘಮವನ್ನು ಸವಿಯುತ್ತ, ತಮ್ಮದಲ್ಲದ ಔತಣದಲ್ಲಿ ಗಜ್ಜರಿಯ ಬುಡ ತಿನ್ನುತ್ತ ನಿಂತಿದ್ದ ಭಂಗಿ ಕಣ್ಣಿಗೆ ಕಟ್ಟಿದಂತಿದೆ.

ಅಂದಿನಿಂದ ತಮ್ಮ ದರ್ಬಾರಿಗೆ ಎಲ್ಲೆಯೇ ಇಲ್ಲದಾಯಿತು. ಪ್ರಾಣ ಉಳಿದದ್ದು ಹೇಗೆಂದು ಗೊತ್ತಾದ ಮೇಲೆ ತಾವು ಮನೆಯಲ್ಲಿ ಯಾರು ಏನನ್ನು ಕಚ್ಚಿಟ್ಟರೂ ಅದನ್ನು ತಮ್ಮದೆಂದೇ ಭಾವಿಸಿದಿರಿ. ಹೆಣ್ಣು ನೋಡಲು ಹೊರಟ ಎಲ್ಯೋರನ ಹೊಸ ಟೋಪಿಯನ್ನು ತಿಂದಿರಿ. ನೆಂಟರ ಹಿರಿಯರನ್ನು ಹಿಂದಿನಿಂದ ಗುದ್ದಿ ಚಹಾದ ಮೇಲೆ ಬೀಳಿಸಿದಿರಿ. ಕೊನೆಗೆ ತಂದೂರಿನ ಬಾಯಿಗೆ ಕೊಂಬು ಹಾಕಿ ಅದರ ಅಂಚನ್ನು ಮುರಿದ ದಿನ, ಈ ವಸಂತದಲ್ಲಿ ತಮ್ಮನ್ನು ಬೆಟ್ಟದ ಮಂದೆಗೆ ಮದುಮಗನಾಗಿ ಕಳಿಸುವುದೆಂದು ತೀರ್ಮಾನವಾಯಿತು. ಹೊರಡುವವರು ಯಾರೇ ಆಗಲಿ, ಕ್ರಮ ಕ್ರಮವೇ. ಎಲ್ಯೋರ್ ತಮ್ಮ ತಲೆ ಹಿಡಿದ, ಮುಹಯ್ಯೊ ಬಿಸಿ ರೊಟ್ಟಿಯನ್ನು ಬಾಯಿಗೆ ಹಿಡಿದಳು. ಒಂದೇ ಬಾಯಿ ಕಚ್ಚಿ ಬಿಡಬೇಕೆಂದು ತಮಗೆ ತಿಳಿಹೇಳುವಷ್ಟರಲ್ಲಿ ರೊಟ್ಟಿ ಇರಲಿಲ್ಲ. ಇನ್ನೊಂದನ್ನು ತಂದಳು, ಅದೂ ಇರಲಿಲ್ಲ. ಅವಳ ರೊಟ್ಟಿಗಳು ಮುಗಿದ ಮೇಲೆ ನಾನು ಸುಟ್ಟದ್ದನ್ನು, ತೆಳ್ಳನೆಯ ಅಂಚಿನದನ್ನು, ಕೊಟ್ಟರು. ತಾವು ಒಂದು ಬಾಯಿ ಕಚ್ಚಿ, ಅಗಿದು, ಸ್ವಲ್ಪ ಯೋಚಿಸಿ, ತಲೆ ಕೊಡವಿ, ಉಳಿದದ್ದನ್ನು ಹಾಗೆಯೇ ಬಿಟ್ಟು ಮುಖ ತಿರುಗಿಸಿದಿರಿ.

ಮಹಾಶಯರೇ, ಈ ಪತ್ರದ ನಿಜವಾದ ದೂರು ಇದು. ಮೊಮ್ಮಗನ ರೊಟ್ಟಿ ತಿಂದದ್ದನ್ನು ಕ್ಷಮಿಸಿದ್ದೇನೆ, ತಂದೂರು ಮುರಿದದ್ದನ್ನೂ ಮರೆತಿದ್ದೇನೆ. ಆದರೆ ಸೊಸೆಯ ಗಾಡಿ ಚಕ್ರಗಳನ್ನು ಒಂದರ ಮೇಲೊಂದು ನುಂಗಿದ ತಾವು, ಮಗನೂ ಮೊಮ್ಮಗನೂ ನೋಡುತ್ತಿರುವಾಗ, ನನ್ನ ಕೈಯ ರೊಟ್ಟಿಯನ್ನು ಒಂದೇ ಬಾಯಿಗೆ ಸಾಕೆಂದದ್ದಕ್ಕೆ ಏನು ಸಮಾಧಾನ ಹೇಳುತ್ತೀರಿ? ಆ ದಿನ ಮುಹಯ್ಯೊ ನಗಲಿಲ್ಲ. ತುಟಿ ಕಚ್ಚಿಕೊಂಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದಳು. ನಾನು ಹಿಂದೆಯೇ ಹೋದೆ. ಗೋಡೆ ತೋರಿಸಿ, "ತಗೋ, ಇನ್ನು ಈ ಮೊಳೆ ನಿಂದು" ಅಂದೆ. ಅವಳು ತಿರುಗಿ, "ಪೆಟ್ಟಿಗೆ ಬೀಗದ ಕೈ?" ಎಂದು ಕೇಳಿದಳು. ಅದೂ ಕೊಟ್ಟೆ. ನನ್ನ ಅತ್ತೆ ಮಾಡದ್ದನ್ನು ನಾನು ಮಾಡಿದೆನೆಂದು ಬೆಟ್ಟದ ಮೇಲಿನ ತಮ್ಮ ಮದುವಣಗಿತ್ತಿಯರಿಗೆಲ್ಲ ದಯವಿಟ್ಟು ತಿಳಿಸಿ.

ಕಡೆಯದಾಗಿ ತಮ್ಮಲ್ಲಿ ಬೇಡುವುದಿಷ್ಟೆ. ಮೊದಲ ಹಿಮ ಬೀಳುವ ಮುಂಚೆ, ತಮ್ಮ ಬಾಲವನ್ನು ಅದರ ಪೂರ್ಣ ವೈಭವದಲ್ಲಿಟ್ಟುಕೊಂಡು, ತೋಳನ ಕಣ್ಣಿಗೂ ವ್ಯಾಪಾರಿಯ ಕಣ್ಣಿಗೂ ಬೀಳದೆ ಮನೆಗೆ ಮರಳಿ, ಮೊಳೆಯ ಮೇಲಿರುವ ರೊಟ್ಟಿಯನ್ನು ಕೊನೆಯ ಚೂರಿನ ತನಕ, ಮುಖ ಸಿಂಡರಿಸದೆ, ಸಾಧ್ಯವಾದರೆ ಮುಹಯ್ಯೊಳ ಎದುರಿನಲ್ಲೇ ತಿಂದು, ಚೆನ್ನಾಗಿದೆ ಎಂಬರ್ಥ ಬರುವಂತೆ ಒಮ್ಮೆ ತೇಗಬೇಕಾಗಿ ಪ್ರಾರ್ಥನೆ.

ತಾವು ಕಚ್ಚಿ ಬಿಟ್ಟ ರೊಟ್ಟಿಯ ಕಡೆಯಿಂದ,
ತಮ್ಮ ವಿಶ್ವಾಸಿಯೂ ತಮ್ಮೊಳಗೆ ಒಂದು ತುತ್ತಿನಷ್ಟು ವಾಸವಾಗಿರುವವಳೂ ಆದ
ರಿಸೋಲತ್

ವಿ.ಸೂ.: ನನ್ನ ತುತ್ತು ತಮ್ಮ ಹೊಟ್ಟೆಯಲ್ಲಿ, ತಮ್ಮ ತುತ್ತಿನ ಉಳಿಕೆ ನಮ್ಮ ಗೋಡೆಯಲ್ಲಿ ಇರುವುದರಿಂದ, ತಾವು ಬಂದು ಅದನ್ನು ಮುಗಿಸುವ ತನಕ ನಾನು ಎಲ್ಲಿಗೂ ಹೊರಡುವಂತಿಲ್ಲವೆಂದು ಮುಹಯ್ಯೊ ತೀರ್ಪು ಕೊಟ್ಟಿದ್ದಾಳೆ. ಮೊಳೆ ಅವಳದಾದ ಮೇಲೆ ತೀರ್ಪೂ ಅವಳದೇ. ಆದ್ದರಿಂದ ತಾವು ಮುಂದಿನ ವರ್ಷ ಬಂದರೂ, ಅದರ ಮುಂದಿನ ವರ್ಷ ಬಂದರೂ ನನ್ನ ಅಭ್ಯಂತರವಿಲ್ಲ. ಎಲ್ಯೋರನ ಮದುವೆಯನ್ನೂ ಅವನ ಮಗುವಿನ ಮುಖವನ್ನೂ ನೋಡುವಷ್ಟು ನಿಧಾನವಾಗಿ ಬನ್ನಿ. ಬಂದ ದಿನ ಆ ಋಣವೂ ತೀರುತ್ತದೆ ಎಂಬುದು ತಮ್ಮ ಗಮನದಲ್ಲಿರಲಿ. ಈ ಸಲ ಹಿತ್ತಲಲ್ಲಿ ಗಜ್ಜರಿ ಬಹಳ ಚೆನ್ನಾಗಿ ಬಂದಿದೆ.